ಪೆನ್ಷನ್ ಬಂದ ಮೇಲಿನ ಮೊದಲ ವರ್ಷ: ಊರಿಗೆ ಮರಳುವ ಸೈನಿಕರಿಗೊಂದು ಕೈಪಿಡಿ

ಸೇನೆಯಿಂದ ಹವಾಲ್ದಾರ್ ಆಗಿ ಪೆನ್ಷನ್ ಬರುವವರ ವಯಸ್ಸು ಹೆಚ್ಚಾಗಿ ನಲವತ್ತರ ಆಸುಪಾಸು. ಅದೇ ವಯಸ್ಸಿನ ಊರಿನ ಮೇಷ್ಟ್ರಿಗೆ ಇನ್ನೂ ಇಪ್ಪತ್ತು ವರ್ಷ ಸರ್ವಿಸ್ ಬಾಕಿ ಇರುತ್ತದೆ. ಮಗಳು ಹೈಸ್ಕೂಲು, ಮನೆ ಅರ್ಧ ಕಟ್ಟಿ ನಿಂತಿದೆ, ಅಪ್ಪನಿಗೆ ಶುಗರ್. ಹೊರಗಿನವರ ಕಣ್ಣಿಗೆ ನೀವು ರಿಟೈರ್ಡ್. ಮನೆಯ ಖರ್ಚು ನೋಡಿದರೆ ಈಗಷ್ಟೇ ಶುರು.

ಈ ಬರಹ ಕರ್ನಾಟಕದ ಜವಾನರು, ಎನ್‌ಸಿಒಗಳು (ಹವಾಲ್ದಾರ್‌ನಂಥವರು) ಮತ್ತು ಜೆಸಿಒಗಳಿಗೆ (ಸುಬೇದಾರ್‌ನಂಥವರು), ಜೊತೆಗೆ ಅವರ ಹೆಂಡತಿಯರಿಗೆ. ಆಫೀಸರ್‌ಗಳ ದಾರಿ ಸ್ವಲ್ಪ ಬೇರೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿ ನಾಲ್ಕೇ ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ ಪೆನ್ಷನ್ ಇಲ್ಲ. ಹಾಗಾಗಿ ಇಲ್ಲಿರುವ ಅರ್ಧ ಮಾತು ಅವರಿಗೆ ಅನ್ವಯಿಸುವುದಿಲ್ಲ.

ಪೆನ್ಷನ್ ಬಂದವರ ಕಷ್ಟಗಳನ್ನು ನೋಡುತ್ತಾ ಬಂದಿರುವ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಕಾಗದಪತ್ರಕ್ಕೆ ಅವಸರ ಮಾಡಬೇಕು. ದುಡ್ಡಿಗೆ, ಜಮೀನಿಗೆ ನಿಧಾನ ಮಾಡಬೇಕು. ನಮ್ಮವರು ಮಾಡುವುದು ಇದರ ಉಲ್ಟಾ. ಕೈಗೆ ಬಂದ ದುಡ್ಡು ಮೂರು ತಿಂಗಳಲ್ಲಿ ಸೈಟು, ಕಾರು, ಸಾಲ ಕೊಟ್ಟದ್ದು ಅಂತ ಹಂಚಿಹೋಗಿರುತ್ತದೆ. ಹೆಂಡತಿಯ ಹೆಸರು ಮಾತ್ರ ಸೇನೆಯ ರೆಕಾರ್ಡ್ಸ್‌ನಲ್ಲಿ ಹತ್ತು ವರ್ಷ ತಪ್ಪಾಗಿಯೇ ಉಳಿದಿರುತ್ತದೆ.

ಹೆಜ್ಜೆ 1: ಯೂನಿಫಾರ್ಮ್ ಮೈಮೇಲಿರುವಾಗಲೇ ಹೆಸರು, ತಾರೀಕು ಸರಿಮಾಡಿಸಿ

ಪೆನ್ಷನ್‌ಗೆ ಎರಡು ವರ್ಷ ಇರುವಾಗ ಒಂದು ಸಂಜೆ ಕೂತು ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಹೆಸರು, ಹೆಂಡತಿಯ ಹೆಸರು, ಮಕ್ಕಳ ಹೆಸರು, ಎಲ್ಲರ ಹುಟ್ಟಿದ ತಾರೀಕು ಬರೆಯಿರಿ. ಪಕ್ಕದಲ್ಲಿ ನಾಲ್ಕು ಕಾಲಂ ಹಾಕಿ: ಸೇನೆಯ ದಾಖಲೆ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಒಂದೊಂದರಲ್ಲೂ ಏನಿದೆ ಅಂತ ಅಕ್ಷರ ಅಕ್ಷರ ನೋಡಿ ಬರೆಯಿರಿ.

ನಮ್ಮ ಕಡೆ ಎಡವಟ್ಟು ಆಗುವುದೇ ಇಲ್ಲಿ. ಮದುವೆಯಾದ ಹೊಸದರಲ್ಲಿ ಯೂನಿಟ್‌ನ ಕ್ಲರ್ಕ್ ಹಿಂದಿಯವನು, ನೀವು ಹೇಳಿದ ‘ಯಲ್ಲವ್ವ’ ಅವನ ಕಿವಿಗೆ ಬೇರೆ ಏನೋ ಕೇಳಿ ‘ಎಲ್ಲಮ್ಮ ದೇವಿ’ ಅಂತ ಬರೆದುಕೊಂಡಿರುತ್ತಾನೆ. ಆಧಾರ್‌ನಲ್ಲಿ ಅದೇ ಹೆಣ್ಣುಮಗಳು ‘ಯಲ್ಲವ್ವ’, ಜೊತೆಗೆ ಗಂಡನ ಹೆಸರು, ಅಡ್ಡಹೆಸರು. ಶಾಲೆಯ ದಾಖಲೆಯಲ್ಲಿ ‘ರೇಣುಕಾ’. ಮೂರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ನಾಳೆ ಫ್ಯಾಮಿಲಿ ಪೆನ್ಷನ್ ಸಿಗಬೇಕಾದರೆ ಈ ಮೂವರೂ ಒಬ್ಬರೇ ಆಗಿರಬೇಕು.

ಸರ್ವಿಸ್‌ನಲ್ಲಿದ್ದಾಗ ಇದು ಒಂದು ಪಾರ್ಟ್ ಟು ಆರ್ಡರ್‌ನ, ಅಂದರೆ ಸೈನಿಕನ ಮನೆಯ ವಿವರ ದಾಖಲಿಸುವ ಯೂನಿಟ್ ಆದೇಶದ ಕೆಲಸ. ಯೂನಿಟ್‌ನ ಕ್ಲರ್ಕ್ ಹತ್ತಿರವೇ ಕೂತಿರುತ್ತಾನೆ, ಸಾಹೇಬರ ಸಹಿ ಅದೇ ಕಟ್ಟಡದಲ್ಲಿ ಸಿಗುತ್ತದೆ. ಊರಿಗೆ ಬಂದ ಮೇಲೆ ಅಫಿಡವಿಟ್ ಮಾಡಿಸಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಜಿಲ್ಲಾ ಸೈನಿಕ ಕಚೇರಿಯ ಮೂಲಕ ನಿಮ್ಮ ರೆಕಾರ್ಡ್ಸ್ ಆಫೀಸಿಗೆ ಕಳಿಸಿ ಕಾಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿ, ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರು, ಹೋಗಿಬರಬಹುದು. ಆರ್ಟಿಲರಿಯವರು ನಾಸಿಕ್‌ಗೆ, ವಾಹನ, ಯಂತ್ರ ರಿಪೇರಿಯ ಇಎಂಇಯವರು ಸಿಕಂದರಾಬಾದ್‌ಗೆ ಪತ್ರ ಬರೆದುಕೊಂಡು ಕೂರಬೇಕು.

ಮಕ್ಕಳ ಹುಟ್ಟಿನ ಪಾರ್ಟ್ ಟು ಆರ್ಡರ್ ಆಗಿದೆಯೇ ಅಂತಲೂ ನೋಡಿ. ಎರಡನೇ ಮಗು ಹುಟ್ಟಿದಾಗ ನೀವು ಫೀಲ್ಡ್‌ನಲ್ಲಿದ್ದು ಅದು ಹಾಗೇ ಉಳಿದುಹೋಗಿರುವ ಸಾಧ್ಯತೆ ಜಾಸ್ತಿ. ಪೆನ್ಷನ್‌ಗಾಗಿ ಹೆಂಡತಿಯ ಜೊತೆ ಜಂಟಿ ಖಾತೆ, ಇಬ್ಬರೂ ಒಟ್ಟಿಗಿರುವ ಫೋಟೋ ಬೇಕಾಗುತ್ತದೆ. ಅದನ್ನು ಕೊನೆಯ ರಜೆಗೆ ಅಂತ ಇಟ್ಟುಕೊಳ್ಳದೆ ಅದಕ್ಕಿಂತ ಮುಂಚಿನ ರಜೆಯಲ್ಲೇ ಮುಗಿಸಿ.

ಹೆಜ್ಜೆ 2: ರಿಲೀಸ್ ಮೆಡಿಕಲ್ ಬೋರ್ಡ್‌ನಲ್ಲಿ ನೋವು ಮುಚ್ಚಿಡಬೇಡಿ

ಸರ್ವಿಸ್ ಉದ್ದಕ್ಕೂ ನಾವು ಕಲಿತದ್ದು ‘ಫಿಟ್ ಸಾಬ್’ ಅನ್ನುವುದನ್ನ. ಮೆಡಿಕಲ್ ಕೆಟಗರಿ ಬಿದ್ದರೆ ಪ್ರಮೋಶನ್ ತಪ್ಪುತ್ತದೆ, ಕೋರ್ಸ್ ತಪ್ಪುತ್ತದೆ ಅಂತ ಮೊಣಕಾಲು ನೋವಿಗೆ ಬಾಮ್ ಹಚ್ಚಿಕೊಂಡು ಓಡಿದವರೇ ಎಲ್ಲರೂ. ಹೊರಡುವ ಮುಂಚಿನ ಮೆಡಿಕಲ್ ಬೋರ್ಡ್‌ನಲ್ಲಿ ಆ ಅಭ್ಯಾಸ ಬಿಡಿ. ಮೊಣಕಾಲು, ಬೆನ್ನು, ಕಿವಿ, ಬಿಪಿ, ನಿದ್ದೆ, ಎತ್ತರದ ಪ್ರದೇಶದಲ್ಲಿ ಆದ ತೊಂದರೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ಹಳೆಯ ಆಸ್ಪತ್ರೆ ಕಾಗದಗಳಿದ್ದರೆ ಜೊತೆಯಲ್ಲಿ ಒಯ್ಯಿರಿ.

ಸರ್ವಿಸ್‌ನಿಂದಾಗಿ ಬಂದ ಅಥವಾ ಹೆಚ್ಚಾದ ತೊಂದರೆ ಶೇಕಡಾ 20 ಅಥವಾ ಅದಕ್ಕಿಂತ ಜಾಸ್ತಿ ಅಂತ ತೀರ್ಮಾನವಾದರೆ ಡಿಸೆಬಿಲಿಟಿ ಪೆನ್ಷನ್‌ನ ದಾರಿ ತೆರೆಯುತ್ತದೆ. ಆಗಲ್ಲ ಅಂದರೂ ಮೇಲ್ಮನವಿ ಇದೆ. ಅದರ ಗಡುವು ನಿಮಗೆ ಬರುವ ಪತ್ರದಲ್ಲೇ ಇರುತ್ತದೆ, ಆ ಪತ್ರವನ್ನು ಟ್ರಂಕ್‌ನ ತಳಕ್ಕೆ ಹಾಕಬೇಡಿ. ಇಷ್ಟು ಹೇಳಿದ್ದಕ್ಕೆ ಇಲ್ಲದ ರೋಗ ಹೇಳಿ ಅಂತ ಅರ್ಥ ಮಾಡಿಕೊಂಡರೆ ಅದು ನಿಮ್ಮ ಪಾಡು.

ಹೆಜ್ಜೆ 3: ಕೋರ್ಸ್ ಮತ್ತು ಸರ್ಟಿಫಿಕೇಟ್

ದೆಹಲಿಯಲ್ಲಿರುವ ಡಿಜಿಆರ್, ಅಂದರೆ ಪುನರ್ವಸತಿ ಮಹಾನಿರ್ದೇಶನಾಲಯ, ಪೆನ್ಷನ್ ಹೊರಡುವವರಿಗೆ ತರಬೇತಿ ಕೋರ್ಸ್‌ಗಳನ್ನು ನಡೆಸುತ್ತದೆ. ಮನೆಗೆ ಹತ್ತಿರ ಆಗುತ್ತೆ, ರಜೆ ಸಿಕ್ಕ ಹಾಗಾಗುತ್ತೆ ಅಂತ ಕೋರ್ಸ್ ಆರಿಸುವವರೇ ಜಾಸ್ತಿ. ಮುಂದೆ ನಿಜವಾಗಿ ಏನು ಮಾಡುತ್ತೀರೋ ಅದಕ್ಕೆ ಹೊಂದುವುದನ್ನೇ ಆರಿಸಿ.

ಇನ್ನೊಂದು ಅನುಕೂಲ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಾಗಿ 15 ವರ್ಷ ಸರ್ವಿಸ್ ಮಾಡಿದ ಮಾಜಿ ಸೈನಿಕರು ಪದವಿ ಕೇಳುವ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಜಿ ಹಾಕಬಹುದು, ಆ ಹುದ್ದೆಗೆ ತಾಂತ್ರಿಕ ಅಥವಾ ವೃತ್ತಿಪರ ಓದು ಬೇಕಿಲ್ಲದಿದ್ದರೆ. ಅದಕ್ಕೆ ಬೇಕಾದ ಪದವಿ ಸಮಾನತೆಯ ಪ್ರಮಾಣಪತ್ರವನ್ನು ಹೊರಡುವ ಮುಂಚೆಯೇ ಪಡೆಯಿರಿ. ಡ್ರೈವರ್‌ಗಳು ಸಿವಿಲ್ ಲೈಸೆನ್ಸ್ ಮಾಡಿಸಿಕೊಳ್ಳಿ. ನರ್ಸಿಂಗ್ ಅಸಿಸ್ಟೆಂಟ್, ಸಿಗ್ನಲ್ಸ್, ಇಎಂಇ ಟ್ರೇಡ್‌ನವರು ಮಾಡಿದ ಪ್ರತಿ ಕೋರ್ಸಿನ ಸರ್ಟಿಫಿಕೇಟ್ ಒಂದು ಫೈಲ್‌ನಲ್ಲಿ ಇಡಿ.

ಹೆಜ್ಜೆ 4: ಊರಿಗೆ ಬಂದ ಮೊದಲ ತಿಂಗಳ ಓಡಾಟ

ಮಾಲೆ ಹಾಕಿಸಿಕೊಂಡು, ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿಸಿಕೊಂಡು ಎರಡು ವಾರ ಕಳೆಯಲಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಈಗ ಇದು ದೊಡ್ಡ ಸಂಭ್ರಮ, ಬೇಡ ಅನ್ನುವುದು ಕಷ್ಟ. ಆಮೇಲೆ ಕಚೇರಿಗಳ ಸುತ್ತು ಶುರು.

ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿ. ಎಲ್ಲ ಜಿಲ್ಲೆಯಲ್ಲೂ ಇಲ್ಲ, ಕೆಲವು ಕಡೆ ಪಕ್ಕದ ಜಿಲ್ಲೆಯ ಕಚೇರಿಯೇ ನೋಡಿಕೊಳ್ಳುತ್ತದೆ. ಡಿಸ್ಚಾರ್ಜ್ ಬುಕ್ ತೋರಿಸಿ ಹೆಸರು ನೋಂದಾಯಿಸಿ, ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ. ಮುಂದೆ ಮೀಸಲಾತಿ, ಮಕ್ಕಳ ಸ್ಕಾಲರ್‌ಶಿಪ್, ಉದ್ಯೋಗದ ಪಟ್ಟಿ ಎಲ್ಲಕ್ಕೂ ಬಾಗಿಲು ಇದೇ. ಉದಾಹರಣೆಗೆ ಪ್ರಧಾನಮಂತ್ರಿ ಸ್ಕಾಲರ್‌ಶಿಪ್: ಪಿಯುಸಿಯಲ್ಲಿ ಕನಿಷ್ಠ ಶೇ. 60 ಪಡೆದು ವೃತ್ತಿಪರ ಕೋರ್ಸ್ ಸೇರಿದ ಮಾಜಿ ಸೈನಿಕರ ಮಕ್ಕಳಿಗೆ ತಿಂಗಳಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಅರ್ಜಿ ಹಾಕಬೇಕಾದ್ದು ಕೋರ್ಸಿನ ಮೊದಲ ವರ್ಷದಲ್ಲಿ. ಎರಡನೇ ವರ್ಷದಲ್ಲಿ ನೆನಪಾದರೆ ಕೈತಪ್ಪಿತು.

ಆಮೇಲೆ ಇಸಿಎಚ್‌ಎಸ್. 2003ರಲ್ಲಿ ಶುರುವಾದ ಈ ಆರೋಗ್ಯ ಯೋಜನೆ ಮಾಜಿ ಸೈನಿಕರಿಗೆ ಸಿಗುವ ಸೌಲಭ್ಯಗಳಲ್ಲಿ ನನ್ನ ಲೆಕ್ಕದಲ್ಲಿ ಪೆನ್ಷನ್ ಬಿಟ್ಟರೆ ಎಲ್ಲಕ್ಕಿಂತ ದೊಡ್ಡದು. ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಸೇರಿ ಹಲವು ಕಡೆ ಪಾಲಿಕ್ಲಿನಿಕ್ ಇವೆ. ಅಪ್ಪ ಅಮ್ಮನನ್ನೂ ಸೇರಿಸಬಹುದು. ಅವರ ಆದಾಯ ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ಡಿಎಯ ಮಿತಿಯೊಳಗಿರಬೇಕು. ಸಾಮಾನ್ಯ ಕಾಯಿಲೆಗೆ ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ ರೆಫರಲ್ ಪಡೆಯಬೇಕು. ಎದೆನೋವಿನಂಥ ತುರ್ತಿಗೆ ನೇರವಾಗಿ ಆಸ್ಪತ್ರೆಗೆ ಹೋಗಿ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಎರಡು ದಿನದೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಈ ನಿಯಮ ಮನೆಯವರಿಗೆಲ್ಲ ಗೊತ್ತಿರಲಿ. ನೀವೇ ಆಸ್ಪತ್ರೆ ಮಂಚದ ಮೇಲಿದ್ದರೆ ಫೋನ್ ಮಾಡಬೇಕಾದವರು ಅವರು ತಾನೇ?

ಪೆನ್ಷನ್ ಈಗ ‘ಸ್ಪರ್ಶ್’ ಅನ್ನುವ ಆನ್‌ಲೈನ್ ವ್ಯವಸ್ಥೆಯಿಂದ ಬರುತ್ತದೆ, ಪ್ರಯಾಗ್‌ರಾಜ್‌ನ ಪೆನ್ಷನ್ ಕಚೇರಿ ಅದರ ಹಿಂದಿದೆ. ಲಾಗಿನ್ ಮಾಡುವುದನ್ನು ನೀವೇ ಕಲಿಯಿರಿ. ಸೈಬರ್ ಸೆಂಟರ್ ಹುಡುಗನ ಹತ್ತಿರ ಪಾಸ್‌ವರ್ಡ್ ಬರೆಸಿಡಬೇಡಿ. ವರ್ಷಕ್ಕೊಮ್ಮೆ ಬದುಕಿದ್ದೀನಿ ಅನ್ನುವ ಜೀವನ್ ಪ್ರಮಾಣ್ ಕೊಡದಿದ್ದರೆ ಪೆನ್ಷನ್ ನಿಲ್ಲುತ್ತದೆ. ಈಗ ಮೊಬೈಲ್‌ನಲ್ಲಿ ಮುಖ ತೋರಿಸಿಯೇ ಮಾಡಬಹುದು. ‘ನಿಮ್ಮ ಲೈಫ್ ಸರ್ಟಿಫಿಕೇಟ್ ನಾವೇ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ ಸಾಬ್’ ಅಂತ ಹಿಂದಿಯಲ್ಲಿ ಫೋನ್ ಬಂದರೆ ಕಟ್ ಮಾಡಿ. ಆಗಲೇ ಹೇಳಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಧಾರ್ ವಿಳಾಸ, ರೇಷನ್ ಕಾರ್ಡ್ ಇವೆಲ್ಲ ಸಣ್ಣ ಕೆಲಸ. ಮತದಾರರ ಪಟ್ಟಿ ಮಾತ್ರ ಮರೆಯುತ್ತದೆ: ಇಷ್ಟು ದಿನ ನೀವು ಸೇವಾ ಮತದಾರರು, ಈಗ ಫಾರಂ 6 ತುಂಬಿ ಊರಿನ ಪಟ್ಟಿಗೆ ಸೇರಬೇಕು.

ತಾಲ್ಲೂಕು ಕಚೇರಿಯಲ್ಲಿ ‘ನಾಳೆ ಬನ್ನಿ’ ಅಂದಾಗ ರಕ್ತ ಕುದಿಯುತ್ತದೆ. ಯೂನಿಟ್‌ನಲ್ಲಿ ಒಂದು ಕೆಲಸ ಹೇಳಿದರೆ ಸಂಜೆಯೊಳಗೆ ರಿಪೋರ್ಟ್ ಬರುತ್ತಿತ್ತು. ಇಲ್ಲಿ ಕೂಗಾಡಿದರೆ ಫೈಲು ಇನ್ನೂ ಕೆಳಗೆ ಹೋಗುತ್ತದೆ. ಅದಕ್ಕಿಂತ ಅರ್ಜಿಯನ್ನು ಸಕಾಲದಡಿ ಕೊಡಿ. 2011ರ ಆ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿರುವ ಸೇವೆಗಳಿಗೆ ಇಂತಿಷ್ಟೇ ದಿನ ಅಂತ ಗಡುವಿದೆ, ಅರ್ಜಿಗೆ ನಂಬರ್ ಬರುತ್ತದೆ, ತಡವಾದರೆ ಮೇಲ್ಮನವಿ ಹಾಕಬಹುದು. ಸ್ವೀಕೃತಿ ಚೀಟಿ ಇಲ್ಲದೆ ಯಾವ ಕಚೇರಿಯಲ್ಲೂ ಕಾಗದ ಬಿಟ್ಟು ಬರಬೇಡಿ.

ಹೆಜ್ಜೆ 5: ದುಡ್ಡನ್ನು ಆರು ತಿಂಗಳು ಮುಟ್ಟಬೇಡಿ

ಗ್ರಾಚ್ಯುಟಿ, ಪ್ರಾವಿಡೆಂಟ್ ಫಂಡ್, ಗ್ರೂಪ್ ಇನ್ಶೂರೆನ್ಸ್‌ನ ಹಣ, ಉಳಿದ ರಜೆಯ ಸಂಬಳ, ಪೆನ್ಷನ್ ಕಮ್ಯುಟೇಶನ್ ಎಲ್ಲ ಸೇರಿ ಒಂದು ದೊಡ್ಡ ಮೊತ್ತ ಬರುತ್ತದೆ. ಎಷ್ಟು ಬಂತು ಅಂತ ಹೆಂಡತಿಗೆ ಪೂರ್ತಿ ಹೇಳಿ. ಉಳಿದ ಯಾರಿಗೂ ಹೇಳಬೇಡಿ. ಚಹಾದ ಅಂಗಡಿಯಲ್ಲಿ ಕೇಳುತ್ತಾರೆ, ಮದುವೆ ಮನೆಯಲ್ಲಿ ಕೇಳುತ್ತಾರೆ. ‘ಎಲ್ಲ ಎಫ್‌ಡಿ ಮಾಡಿದ್ದೀನಿ, ಮೂರು ವರ್ಷ ತೆಗೆಯಕ್ಕೆ ಬರಲ್ಲ’ ಅನ್ನುವ ಒಂದು ಮಾತು ಸಾಕು.

ಕಮ್ಯುಟೇಶನ್ ಬಗ್ಗೆ ಸ್ವಲ್ಪ ಲೆಕ್ಕ ಹಾಕಿ. ಸೈನಿಕರು ಮೂಲ ಪೆನ್ಷನ್‌ನ ಶೇ. 50ರವರೆಗೆ ಮುಂಗಡವಾಗಿ ಪಡೆಯಬಹುದು. ಆ ಭಾಗ 15 ವರ್ಷ ಕಡಿತವಾಗಿ ಆಮೇಲೆ ಮರಳುತ್ತದೆ. ಡಿಎ ಮಾತ್ರ ಕಡಿತಕ್ಕೆ ಮುಂಚಿನ ಪೂರ್ತಿ ಪೆನ್ಷನ್ ಮೇಲೆ ಸಿಗುತ್ತದೆ. ಹೀಗೆ ಬರುವ ಹಣಕ್ಕೆ ಆದಾಯ ತೆರಿಗೆ ಇಲ್ಲ. ಮನೆ ಸಾಲ ತೀರಿಸಲು ಇದು ಒಳ್ಳೆಯ ದಾರಿ. ಕಾರು ಕೊಳ್ಳಲು ಅರ್ಧ ಪೆನ್ಷನ್ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ದುಡ್ಡು ಎಲ್ಲಿಡಬೇಕು? ಆರು ತಿಂಗಳು ರಾಷ್ಟ್ರೀಕೃತ ಬ್ಯಾಂಕಿನ ಎಫ್‌ಡಿಯಲ್ಲಿ ಇಡಿ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷದವರೆಗೆ ಇಡಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಸಾಮಾನ್ಯವಾಗಿ 60 ವರ್ಷ ಆಗಬೇಕು, ನಿವೃತ್ತ ಸೈನಿಕರಿಗೆ 50 ಆದರೆ ಸಾಕು. ಸುಬೇದಾರ್ ಆಗಿ ಬಂದವರಿಗೆ ಇದು ಬೇಗ ಕೈಗೆಟುಕುತ್ತದೆ.

ಸೌಹಾರ್ದ ಸಹಕಾರಿ, ಪತ್ತಿನ ಸಂಘಗಳ ವಿಷಯಕ್ಕೆ ಬರೋಣ. ಪರಿಚಯದವರೇ ಡೈರೆಕ್ಟರ್, ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ, ಮನೆಗೇ ಬಂದು ಫಾರಂ ತುಂಬಿಸಿಕೊಳ್ಳುತ್ತಾರೆ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಕ್ಕೆ ಆ ವಿಮೆಯೇ ಇಲ್ಲ. ಬೋರ್ಡ್ ಮೇಲೆ ‘ಬ್ಯಾಂಕ್’ ಅನ್ನುವ ಹಾಗೆ ಕಾಣುವ ಹೆಸರಿದ್ದರೆ ಸಾಲದು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇದೆಯೇ ಕೇಳಿ. ನೂರು ದಿನದಲ್ಲಿ ಡಬಲ್ ಅನ್ನುವವರನ್ನು ಬಾಗಿಲಲ್ಲೇ ಕಳಿಸಿ. ಅವರು ನಿಮ್ಮ ಹಳೆಯ ಪಲ್ಟನ್‌ನವರೇ ಆಗಿದ್ದರೂ ಕಳಿಸಿ. ಸೈನಿಕ ಸೈನಿಕನನ್ನು ನಂಬುತ್ತಾನೆ ಅನ್ನುವುದು ಮೋಸಗಾರರಿಗೆ ಚೆನ್ನಾಗಿ ಗೊತ್ತು.

ಹೆಜ್ಜೆ 6: ಜಮೀನು, ಪಾಲು, ಅಣ್ಣತಮ್ಮಂದಿರು

ನೀವು ಇಪ್ಪತ್ತು ವರ್ಷ ದುಡ್ಡು ಕಳಿಸಿದ್ದೀರಿ. ತಮ್ಮ ಇಪ್ಪತ್ತು ವರ್ಷ ಹೊಲದಲ್ಲಿ ದುಡಿದಿದ್ದಾನೆ, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಒಯ್ದಿದ್ದಾನೆ. ನಿಮ್ಮ ಲೆಕ್ಕದಲ್ಲಿ ಬೋರ್‌ವೆಲ್ ನಿಮ್ಮದು. ಅವನ ಲೆಕ್ಕದಲ್ಲಿ ಆ ಬೋರ್‌ವೆಲ್‌ನಿಂದ ಬೆಳೆ ತೆಗೆದದ್ದು ಅವನು. ಇಬ್ಬರೂ ಸರಿ. ಊರಿಗೆ ಬಂದ ಮೂರನೇ ತಿಂಗಳಿಗೇ ಪಾಲು ಕೇಳಿದರೆ ಆ ಮಾತು ಮುಂದೆ ತೊಟ್ಟಿಲು, ತಿಥಿ ಎಲ್ಲದರಲ್ಲೂ ಬರುತ್ತದೆ.

ಮೊದಲ ವರ್ಷ ಒಂದು ಹಂಗಾಮು ಪೂರ್ತಿ ಅವನ ಜೊತೆ ಹೊಲಕ್ಕೆ ಹೋಗಿ. ಆಳಿನ ಕೂಲಿ ಎಷ್ಟು, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಎಷ್ಟಿದೆ, ಎಪಿಎಂಸಿಯಲ್ಲಿ ಯಾರು ಎಷ್ಟು ಕಡಿಯುತ್ತಾರೆ ಅಂತ ಕಣ್ಣಾರೆ ನೋಡಿ. ಆ ಹೊತ್ತಿಗೆ ಸದ್ದಿಲ್ಲದೆ ಕಾಗದ ನೋಡಿಡಿ: ಪಹಣಿ ಯಾರ ಹೆಸರಲ್ಲಿದೆ, ಅಜ್ಜನ ಹೆಸರಲ್ಲೇ ಉಳಿದಿದೆಯೇ, ಪೋಡಿ ಆಗಿದೆಯೇ, ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಇದೆಯೇ. ಅಕ್ಕತಂಗಿಯರಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಇದೆ, ಅವರನ್ನು ಬಿಟ್ಟು ಗಂಡಸರಷ್ಟೇ ಕೂತು ಹಂಚಿಕೊಂಡರೆ ಮುಂದೆ ಕೋರ್ಟು ಕಾಯುತ್ತಿರುತ್ತದೆ. ಪಾಲು ಮಾಡುವ ದಿನ ಬಂದಾಗ ಬಾಯಿ ಮಾತಿನಲ್ಲಿ ಬಿಡದೆ ನೋಂದಣಿ ಮಾಡಿಸಿ.

ರಾಜ್ಯದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಮೀಸಲು ಇದೆ. ಅರ್ಜಿ ಹಾಕಿ, ತಪ್ಪಿಲ್ಲ. ಆದರೆ ಆ ಜಮೀನು ಬರುತ್ತೆ ಅಂತ ಎಣಿಸಿ ಯಾವ ಲೆಕ್ಕವನ್ನೂ ಹಾಕಬೇಡಿ.

ಹಾಸನದ ಕ್ಯಾಪ್ಟನ್ ಗೋಪಿನಾಥ್ ಸೇನೆ ಬಿಟ್ಟು ವಿಮಾನ ಹಾರಿಸಿದರು ಅಂತ ಉದಾಹರಣೆ ಕೊಡುವವರು ಊರಿಗೊಬ್ಬರು ಇರುತ್ತಾರೆ. ಅವರು ಹೊರಬಂದದ್ದು ಇಪ್ಪತ್ತರ ಹರೆಯದಲ್ಲೇ, ಅವರ ವಿಮಾನ ಕಂಪನಿ ಏರ್ ಡೆಕ್ಕನ್ ಶುರುವಾದದ್ದು 2003ರಲ್ಲಿ. ನಡುವೆ ವರ್ಷಗಟ್ಟಲೆ ಹೊಲದಲ್ಲಿ ದುಡಿದಿದ್ದರು. ಆ ನಡುವಿನ ಭಾಗವನ್ನು ಯಾರೂ ಹೇಳುವುದಿಲ್ಲ.

ಹೆಜ್ಜೆ 7: ಮನೆಯಲ್ಲಿ ನೀವು ಹೊಸಬರು

ಇದೇ ಎಲ್ಲಕ್ಕಿಂತ ಕಷ್ಟದ್ದು, ಇದಕ್ಕೆ ಯಾವ ಕಚೇರಿಯಲ್ಲೂ ಫಾರಂ ಸಿಗುವುದಿಲ್ಲ.

ವರ್ಷಕ್ಕೆ ಎರಡು ರಜೆ ಬರುತ್ತಿದ್ದಾಗ ನೀವು ಅತಿಥಿ. ಕೋಳಿ ಸಾರು, ಹೊಸ ಬಟ್ಟೆ, ನೆಂಟರ ಮನೆ. ರಜೆ ಮುಗಿದ ಮೇಲೆ ಗ್ಯಾಸ್ ಬುಕ್ ಮಾಡಿದ್ದು, ಮಗನ ಟಿಸಿ ತಂದದ್ದು, ಮನೆ ಕಟ್ಟುವಾಗ ಮೇಸ್ತ್ರಿ ಜೊತೆ ಜಗಳ ಆಡಿದ್ದು, ನಿಮ್ಮ ಅಪ್ಪನ ಆಪರೇಶನ್‌ಗೆ ಸಹಿ ಹಾಕಿದ್ದು ಎಲ್ಲ ಹೆಂಡತಿ. ಅವಳಿಗೆ ಅವಳದೇ ಒಂದು ಪದ್ಧತಿ ಇದೆ. ನೀವು ಬಂದ ಮರುವಾರವೇ ‘ಇದು ಹೀಗಲ್ಲ, ಹಾಗೆ’ ಅಂತ ಶುರು ಮಾಡಿದರೆ ಅವಳು ಸುಮ್ನಿರಬಹುದು. ಒಪ್ಪಿಕೊಂಡಳು ಅಂತ ಮಾತ್ರ ತಿಳಿಯಬೇಡಿ.

ಮೊದಲ ಮೂರು ತಿಂಗಳು ಮನೆಯ ಯಾವ ಪದ್ಧತಿಯನ್ನೂ ಬದಲಾಯಿಸಬೇಡಿ, ನೋಡಿ ಅಷ್ಟೇ. ಖರ್ಚಿನ ಪುಸ್ತಕ ಅವಳ ಕೈಯಲ್ಲೇ ಇರಲಿ. ಒಂದೆರಡು ಕೆಲಸವನ್ನು ಪೂರ್ತಿಯಾಗಿ ನೀವು ವಹಿಸಿಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವುದು, ವಾರದ ಸಂತೆ, ಅಪ್ಪನ ಮಾತ್ರೆ, ಯಾವುದಾದರೂ ಸರಿ. ಅರ್ಧಂಬರ್ಧ ಎಲ್ಲದರಲ್ಲೂ ಕೈ ಹಾಕುವುದಕ್ಕಿಂತ ಇದು ಒಳ್ಳೆಯದು. ಅಡುಗೆ ಕೆಲಸ ಯೂನಿಟ್‌ನ ಅಡುಗೆಮನೆ ಲಂಗರ್‌ನಲ್ಲಿ ಕಲಿತಿದ್ದರೆ ಭಾನುವಾರ ನಿಮ್ಮದು.

ಮಕ್ಕಳ ವಿಷಯದಲ್ಲಿ ಇನ್ನೂ ನಿಧಾನ ಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ನೀವು ವಾಟ್ಸಾಪ್‌ನಲ್ಲಿ ಕಂಡ ಅಪ್ಪ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಿಸಿದರೆ ಒಂದು ವಾರ ಓಡುತ್ತಾನೆ, ಆಮೇಲೆ ಅಜ್ಜಿ ಮನೆಗೆ ಓಡುತ್ತಾನೆ. ಕುಟುಂಬ ನಿಮ್ಮ ಜೊತೆ ಕ್ವಾರ್ಟರ್ಸ್‌ನಲ್ಲಿದ್ದು ಮಕ್ಕಳು ಕೇಂದ್ರೀಯ ವಿದ್ಯಾಲಯದಲ್ಲಿ ಓದಿದ್ದರೆ ತೊಂದರೆ ಬೇರೆ. ಅವರಿಗೆ ಹಿಂದಿ ಸರಾಗ, ಕನ್ನಡ ಓದಲು ತಡವರಿಕೆ. ಊರಿನ ಶಾಲೆಗೆ ಸೇರಿಸುವ ಮುಂಚೆ ಒಂದು ಬೇಸಿಗೆಯಾದರೂ ಕನ್ನಡಕ್ಕೆ ಕೊಡಿ. ಸಾಧ್ಯವಾದರೆ ಎಂಟನೇ ತರಗತಿ ದಾಟುವ ಮುಂಚೆಯೇ ಊರಿಗೆ ಕರೆತನ್ನಿ. ಒಂಬತ್ತು, ಹತ್ತರ ನಡುವೆ ಶಾಲೆ ಬದಲಾದರೆ ಮಕ್ಕಳು ಒದ್ದಾಡುತ್ತಾರೆ.

‘ನಮ್ಮ ಯಜಮಾನರು ಯಾವಾಗಲೂ ಕಿರುಚುತ್ತಾರೆ’ ಅಂತ ಹೇಳುವ ಹೆಂಗಸರು ಬಹಳ. ಆರ್ಟಿಲರಿ, ಟ್ಯಾಂಕ್, ಇನ್‌ಫೆಂಟ್ರಿಯಲ್ಲಿದ್ದವರಿಗೆ ಹಲವು ಸಲ ಕಿವಿಯೇ ಮಂದವಾಗಿರುತ್ತದೆ. ತನಗೆ ಕೇಳಿಸದವನು ಜೋರಾಗಿ ಮಾತಾಡುತ್ತಾನೆ, ಮನೆಯವರು ಸಿಟ್ಟು ಅಂದುಕೊಳ್ಳುತ್ತಾರೆ. ಇಸಿಎಚ್‌ಎಸ್‌ನಲ್ಲಿ ಕಿವಿ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಶ್ರವಣ ಸಾಧನವೂ ಅದರಲ್ಲೇ ಸಿಗುತ್ತದೆ. ನಾಚಿಕೆ ಯಾಕೆ, ಚಷ್ಮಾ ಹಾಕಲ್ವಾ?

ಹೆಜ್ಜೆ 8: ಕೆಲಸ ಹುಡುಕುವಾಗ

ಮೊದಲು ಸಿಗುವುದು ಸೆಕ್ಯೂರಿಟಿ ಕೆಲಸ. ಅದರಲ್ಲಿ ಕೀಳು ಅನ್ನುವುದೇನೂ ಇಲ್ಲ. ಆದರೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ಯಾರೋ ಇಪ್ಪತ್ತೆರಡರ ಹುಡುಗನಿಂದ ಬೈಸಿಕೊಳ್ಳುವುದು ಹವಾಲ್ದಾರ್ ಆಗಿದ್ದವನಿಗೆ ಸುಲಭವಲ್ಲ. ಬ್ಯಾಂಕಿನ ಆರ್ಮ್ಡ್ ಗಾರ್ಡ್ ಹುದ್ದೆ ಇದಕ್ಕಿಂತ ಮೇಲು, ಸರ್ಕಾರಿ ಬ್ಯಾಂಕುಗಳಲ್ಲಿ ಅದಕ್ಕೆ ಮಾಜಿ ಸೈನಿಕರನ್ನೇ ತೆಗೆದುಕೊಳ್ಳುತ್ತಾರೆ. ಬೆಂಗಳೂರಿನ ಪಾಲಿಕೆ ಮಾರ್ಷಲ್‌ಗಳನ್ನಾಗಿ ಮಾಜಿ ಸೈನಿಕರನ್ನು ತೆಗೆದುಕೊಂಡಿತ್ತು; ಇಂಥವು ಗುತ್ತಿಗೆ ಕೆಲಸ ಅನ್ನುವುದು ನೆನಪಿರಲಿ. ಯೂನಿಫಾರ್ಮ್ ಬಿಡಲು ಮನಸ್ಸೇ ಇಲ್ಲದವರಿಗೆ ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯೂರಿಟಿ ಕೋರ್ ಇದೆ, ಅದರ ಕೇಂದ್ರ ಕಣ್ಣೂರಿನಲ್ಲಿ. ಮತ್ತೆ ಮನೆ ಬಿಡಬೇಕು, ಹೆಂಡತಿಯನ್ನು ಕೇಳಿ.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ. 10 ಮೀಸಲಿದೆ, ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ. 14.5. ರಾಜ್ಯದ ನೇಮಕಾತಿಗಳಲ್ಲೂ ಮಾಜಿ ಸೈನಿಕರ ಕೋಟಾ ಇದೆ. ವಯಸ್ಸಿನ ಲೆಕ್ಕದಲ್ಲಿ ಸರ್ವಿಸ್ ಮಾಡಿದಷ್ಟು ವರ್ಷ ಕಳೆದು, ಮೇಲೆ ಮೂರು ವರ್ಷ ಸಡಿಲಿಕೆ ಕೊಡುತ್ತಾರೆ. 42 ವರ್ಷದವರು 18 ವರ್ಷ ಸರ್ವಿಸ್ ಮಾಡಿದ್ದರೆ ಲೆಕ್ಕಕ್ಕೆ 24.

ಪರೀಕ್ಷೆ ಮಾತ್ರ ಬರೆಯಲೇಬೇಕು, ನಮ್ಮವರು ಜಾರುವುದು ಅಲ್ಲೇ. 2024ರಲ್ಲಿ ನಡೆದ ಗ್ರಾಮ ಆಡಳಿತಾಧಿಕಾರಿ ನೇಮಕಾತಿಯಲ್ಲಿ 150 ಅಂಕದ ಕಡ್ಡಾಯ ಕನ್ನಡ ಪತ್ರಿಕೆ ಇತ್ತು, ಅದರಲ್ಲಿ 50 ತೆಗೆಯಲೇಬೇಕಿತ್ತು. ಇಪ್ಪತ್ತು ವರ್ಷ ಹಿಂದಿಯಲ್ಲಿ ಮಾತಾಡಿ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಬರೆದ ಕೈಗೆ ಪ್ರಬಂಧ, ಪತ್ರ ಬರೆಯುವುದು ಮರೆತಿರುತ್ತದೆ. ದಿನಾ ಪೇಪರ್ ಓದಿ, ಒಂದು ಪುಟ ಕೈಯಲ್ಲಿ ಬರೆಯಿರಿ.

ಕೇಂದ್ರದ ಕೆಲಸಕ್ಕೆ ಸೇರಿದರೆ ಒಂದು ಎಚ್ಚರ. ಮೀಸಲಾತಿಯಲ್ಲಿ ಒಂದು ಕಾಯಂ ಸಿವಿಲ್ ಹುದ್ದೆ ಸೇರಿದ ಮೇಲೆ ಮತ್ತೆ ಮಾಜಿ ಸೈನಿಕರ ಕೋಟಾ ಸಿಗುವುದಿಲ್ಲ. ಅದಕ್ಕೆ ಮುಂಚೆಯೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಸೇರುವ ದಿನವೇ ಅವುಗಳ ಪಟ್ಟಿಯನ್ನು ತಾರೀಕು ಸಮೇತ ಬರೆದು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಗೆ ಮಾಡಿದರೆ ಆ ಹುದ್ದೆಗಳಿಗೆ ಕೋಟಾ ಉಳಿಯುತ್ತದೆ.

ಖಾಸಗಿ ಕಂಪನಿಗೆ ಬಯೋಡೇಟಾ ಬರೆಯುವಾಗ ‘ಪ್ಲಟೂನ್ ಹವಾಲ್ದಾರ್’ ಅಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ. ಸುಮಾರು ಮೂವತ್ತು ಜನರ ಡ್ಯೂಟಿ, ರಜೆ, ತರಬೇತಿ ನೋಡಿಕೊಂಡಿದ್ದೆ ಅಂತ ಬರೆಯಿರಿ. ಕ್ವಾರ್ಟರ್ ಮಾಸ್ಟರ್ ಸ್ಟೋರ್‌ನಲ್ಲಿ ಇದ್ದವರು ಎಷ್ಟು ಸಾಮಾನಿನ ಲೆಕ್ಕ ಇಟ್ಟಿದ್ದೆವು, ಆಡಿಟ್ ಹೇಗೆ ದಾಟಿದೆವು ಅಂತ ಬರೆಯಿರಿ. ದೊಡ್ಡ ಗೋದಾಮುಗಳಿಗೆ ಬೇಕಾಗಿರುವುದು ಅಂಥವರೇ.

ಹೆಜ್ಜೆ 9: ಮೈ, ಮನಸ್ಸು, ಬಾಟಲಿ

ಪಿಟಿ ನಿಲ್ಲುತ್ತದೆ, ಊಟ ಅಷ್ಟೇ ಇರುತ್ತದೆ. ಒಂದೇ ವರ್ಷದಲ್ಲಿ ಹೊಟ್ಟೆ, ಬಿಪಿ, ಶುಗರ್. ಬೆಳಿಗ್ಗೆ ಏಳುವ ಹೊತ್ತು, ನಡಿಗೆ, ಗಡ್ಡ ಕೆರೆಯುವುದು ಇವನ್ನು ಬಿಡಬೇಡಿ. ಊರಿನ ಹುಡುಗರು ಸೇನಾ ಭರ್ತಿಗೆ ತಯಾರಿ ಮಾಡುತ್ತಿದ್ದರೆ ಮೈದಾನಕ್ಕೆ ಹೋಗಿ ಓಟ ಕಲಿಸಿ. ನಿಮಗೂ ಒಂದು ಫಾಲ್ ಇನ್, ಅಂದರೆ ಹೊತ್ತಿಗೆ ಸರಿಯಾಗಿ ಸಾಲಿನಲ್ಲಿ ನಿಲ್ಲುವ ಕೆಲಸ, ಸಿಕ್ಕ ಹಾಗಾಗುತ್ತದೆ.

ಕಮ್ಮಿ ಬೆಲೆಗೆ ಮದ್ಯ ಸಿಗುವ ಸೇನಾ ಕ್ಯಾಂಟೀನ್‌ನ ಕಾರ್ಡ್ ನೋಡಿ ಬರುವ ಗೆಳೆಯರು ಬೇರೆ, ನಿಮ್ಮನ್ನು ನೋಡಿ ಬರುವವರು ಬೇರೆ. ಬಾಟಲಿ ತಂದುಕೊಡುವುದಿಲ್ಲ ಅಂತ ಮೊದಲ ತಿಂಗಳೇ ಹೇಳಿಬಿಟ್ಟರೆ ಯಾರು ಯಾವ ಕಡೆಯವರು ಅಂತ ತಾನಾಗಿ ಗೊತ್ತಾಗುತ್ತದೆ. ಮಾರಿಕೊಂಡರಂತೂ ಕಾರ್ಡ್ ಹೋಗುತ್ತದೆ, ಕೇಸೂ ಆಗುತ್ತದೆ. ಪಂಚಾಯಿತಿ ಚುನಾವಣೆಗೆ ಎಳೆಯುವವರೂ ಬರುತ್ತಾರೆ. ಮೊದಲ ವರ್ಷ ಯಾರ ಪಾರ್ಟಿಗೂ ಹೋಗಬೇಡಿ.

ದೀಪಾವಳಿ ಪಟಾಕಿಗೆ ಬೆಚ್ಚಿಬೀಳುವುದು, ರಾತ್ರಿ ಎರಡು ಸಲ ಎದ್ದು ಬಾಗಿಲು ನೋಡುವುದು ಕಾಶ್ಮೀರ, ಈಶಾನ್ಯದಲ್ಲಿ ಡ್ಯೂಟಿ ಮಾಡಿದ ಹಲವರಿಗೆ ಇರುತ್ತದೆ, ನಿಧಾನವಾಗಿ ಕಮ್ಮಿಯಾಗುತ್ತದೆ. ತಿಂಗಳುಗಟ್ಟಲೆ ನಿದ್ದೆ ಇಲ್ಲದಿದ್ದರೆ, ಯಾರ ಜೊತೆಯೂ ಮಾತು ಬೇಡ ಅನ್ನಿಸಿದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿಯೇ ಪುಣೆಯಲ್ಲಿ 2023ರಲ್ಲಿ ಒಂದು ಘಟಕ ಶುರುವಾಗಿತ್ತು.

ತಾಲ್ಲೂಕಿನ ಮಾಜಿ ಸೈನಿಕರ ಸಂಘಕ್ಕೆ ಸೇರಿ. ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. 1964ರಲ್ಲಿ ಮಾಜಿ ಸೈನಿಕರಿಗಾಗಿ ಇಂಡಿಯನ್ ಎಕ್ಸ್ ಸರ್ವಿಸಸ್ ಲೀಗ್ ಕಟ್ಟಿದರು. ಅಂಥವರಿಗೇ ಸಂಘ ಬೇಕು ಅನ್ನಿಸಿತ್ತು. ಕೆಲವು ಸಂಘಗಳಲ್ಲಿ ಜಗಳವೇ ಜಾಸ್ತಿ, ಒಪ್ಪುತ್ತೇನೆ. ಆದರೂ ಸ್ಪರ್ಶ್‌ನಲ್ಲಿ ಪೆನ್ಷನ್ ನಿಂತಾಗ ಯಾವ ಬಟನ್ ಒತ್ತಬೇಕು ಅಂತ ಹೇಳುವವರು ಸಿಗುವುದು ಅಲ್ಲೇ.

ಹೆಜ್ಜೆ 10: ಹೆಂಡತಿಗೊಂದು ಫೈಲ್

ವರ್ಷ ಮುಗಿಯುವುದರೊಳಗೆ ಇದನ್ನು ಮಾಡಿ. ಒಂದು ಗಟ್ಟಿ ಫೈಲ್ ತನ್ನಿ. ಅದರಲ್ಲಿ ಡಿಸ್ಚಾರ್ಜ್ ಬುಕ್‌ನ ಪ್ರತಿ, ಪಿಪಿಒ (ಪೆನ್ಷನ್ ಪಾವತಿ ಆದೇಶ), ಇಬ್ಬರ ಆಧಾರ್, ಪ್ಯಾನ್, ಮದುವೆಯ ದಾಖಲೆ, ಜಂಟಿ ಖಾತೆಯ ಪಾಸ್‌ಬುಕ್, ಇಸಿಎಚ್‌ಎಸ್ ಕಾರ್ಡ್‌ಗಳ ಪ್ರತಿ, ವಿಮೆಯ ಕಾಗದ, ಎಫ್‌ಡಿಗಳ ಪಟ್ಟಿ, ಯಾರಿಗೆ ಸಾಲ ಕೊಟ್ಟಿದ್ದೀರಿ ಅನ್ನುವ ಪಟ್ಟಿ ಇಡಿ. ಮೇಲಿನ ಹಾಳೆಯಲ್ಲಿ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ನಿಮ್ಮ ಆರ್ಮಿ ನಂಬರ್, ರ‍್ಯಾಂಕ್, ರೆಕಾರ್ಡ್ಸ್ ಆಫೀಸಿನ ವಿಳಾಸ, ಜಿಲ್ಲಾ ಸೈನಿಕ ಕಚೇರಿಯ ಫೋನ್ ನಂಬರ್ ಬರೆಯಿರಿ.

ನಿಮಗೆ ಏನಾದರೂ ಆದರೆ ಯಾವ ಕ್ರಮದಲ್ಲಿ ಏನು ಮಾಡಬೇಕು ಅಂತಲೂ ಬರೆಯಿರಿ: ಮರಣ ಪ್ರಮಾಣಪತ್ರದ ಹಲವು ಪ್ರತಿ ತೆಗೆಸುವುದು, ಜಿಲ್ಲಾ ಸೈನಿಕ ಕಚೇರಿಗೆ ತಿಳಿಸುವುದು, ಸ್ಪರ್ಶ್‌ನಲ್ಲಿ ವರದಿ ಮಾಡಿ ಫ್ಯಾಮಿಲಿ ಪೆನ್ಷನ್ ಶುರು ಮಾಡಿಸುವುದು, ಅಲ್ಲಿಯವರೆಗೆ ಖಾತೆಗೆ ಬಂದ ನಿಮ್ಮ ಪೆನ್ಷನ್ ಹಣವನ್ನು ಮುಟ್ಟದೆ ಇಡುವುದು. ಸಾವಿನ ನಂತರ ಬಂದ ಪೆನ್ಷನ್ ಅನ್ನು ಸರ್ಕಾರ ವಾಪಸ್ ಕೇಳುತ್ತದೆ, ಖರ್ಚಾಗಿಬಿಟ್ಟಿದ್ದರೆ ಅವಳಿಗೆ ತೊಂದರೆ.

ಅಪಶಕುನ ಅಂತ ಅವಳು ಬಾಯಿ ಮುಚ್ಚಿಸಲು ನೋಡುತ್ತಾಳೆ. ಬಿಡಬೇಡಿ. ಒಮ್ಮೆ ಅವಳ ಕೈಯಿಂದಲೇ ಸ್ಪರ್ಶ್‌ಗೆ ಲಾಗಿನ್ ಮಾಡಿಸಿ, ಜಿಲ್ಲಾ ಸೈನಿಕ ಕಚೇರಿಗೆ ಕರೆದುಕೊಂಡು ಹೋಗಿ ಅಲ್ಲಿನ ಗುಮಾಸ್ತರ ಪರಿಚಯ ಮಾಡಿಸಿ. ಫೈಲಿನ ಇನ್ನೊಂದು ಪ್ರತಿ ಮಗಳ ಹತ್ತಿರ ಇರಲಿ.